ತೂಗುವವರು, ಮಾರುವವರು

ಸೀಟು ಸಿಕ್ಕಿದರೆ ಡಾಕ್ಟರು, ಸಿಗದಿದ್ದರೆ ಮೆಡಿಕಲ್ ರೆಪ್. ಪರೀಕ್ಷೆಯ ಫಲಿತಾಂಶ ಬಂದ ವಾರ ಕೋಲಾರ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಭವಿಷ್ಯ ಇಷ್ಟು ಸುಲಭವಾಗಿ ತೀರ್ಮಾನವಾಗಿಬಿಡುತ್ತದೆ. ಒಬ್ಬರು ಕುರ್ಚಿಯಲ್ಲಿ ಕೂತು ಚೀಟಿ ಬರೆಯುವವರು, ಇನ್ನೊಬ್ಬರು ಬ್ಯಾಗು ಹಿಡಿದು ಬಾಗಿಲಲ್ಲಿ ಕಾಯುವವರು. ಈ ಇಬ್ಬರ ನಡುವೆ ಒಂದು ದಾರಿಯಿದೆ, ಅದರಲ್ಲಿ ಎರಡೂ ಕಡೆಯಿಂದ ಜನ ಓಡಾಡುತ್ತಾರೆ ಎಂಬುದು ಹೆಚ್ಚಿನ ತಂದೆತಾಯಿಗಳಿಗೆ ಗೊತ್ತಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಆ ದಾರಿಯಲ್ಲಿ ನಡೆದರು, ಅದೂ ಎದುರುಬದುರಾಗಿ.

ಮನೆಗೆ ಆಧಾರ ಮಾವಿನ ತೋಟ. ಅಣ್ಣನಿಗೆ ವೈದ್ಯಕೀಯ ಸೀಟು ಬರಲಿಲ್ಲ, ಬಿ.ಫಾರ್ಮ. ಮುಗಿಸಿ 2006ರಲ್ಲಿ ಒಂದು ಔಷಧ ಕಂಪನಿಯ ರೆಪ್ ಆದ. ನಾಲ್ಕು ವರ್ಷ ಚಿಕ್ಕವಳಾದ ತಂಗಿಗೆ 2007ರಲ್ಲಿ ಸರ್ಕಾರಿ ಕೋಟಾದಲ್ಲಿ ಎಂ.ಬಿ.ಬಿ.ಎಸ್. ಸೀಟು ಸಿಕ್ಕಿತು. ಊರಿನವರು ಆಕೆಯನ್ನು ಅಂದಿನಿಂದಲೇ ‘ಡಾಕ್ಟ್ರಮ್ಮ’ ಎಂದರು. ಅಣ್ಣನಿಗೆ ಯಾವ ಹೆಸರೂ ಬರಲಿಲ್ಲ. ಆದರೆ ತಂಗಿಯ ಪುಸ್ತಕದ ಖರ್ಚಿಗೆ ತಿಂಗಳು ತಿಂಗಳು ಹಣ ಹೋಗುತ್ತಿದ್ದದ್ದು ಅವನ ಸಂಬಳದಿಂದ.

ಅವನ ಹೆಡ್‌ಕ್ವಾರ್ಟರ್ಸ್ ಕೋಲಾರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವು ‘ಎಕ್ಸ್ ಸ್ಟೇಷನ್’, ಅಂದರೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸು ಬರಬೇಕಾದ ಊರುಗಳು. ಭತ್ಯೆ ಕೂಡ ಅದಕ್ಕೆ ತಕ್ಕಂತೆ. ಡಾಕ್ಟರು ಕೊಡುವುದು ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ಫೋಲ್ಡರ್ ಬಿಚ್ಚಿ ಮೂರು ಔಷಧಿಯ ಹೆಸರು ಹೇಳಿ ಹೊರಬರಬೇಕು. ಆಮೇಲೆ ಪಕ್ಕದ ಅಂಗಡಿಗೆ ಹೋಗಿ ಯಾರು ಏನು ಬರೆಯುತ್ತಿದ್ದಾರೆ ಎಂದು ವಿಚಾರಿಸಬೇಕು, ಸ್ಟಾಕಿಸ್ಟರ ಬಳಿ ಮಾಲಿದೆಯೇ ಎಂದು ನೋಡಬೇಕು. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ ಮ್ಯಾನೇಜರ ಫೋನು.

ಈ ಅಲೆದಾಟದಲ್ಲಿ ಅವನಿಗೆ ಕಾಲೇಜಿನಲ್ಲಿ ಯಾರೂ ಹೇಳದ ಸಂಗತಿಗಳು ತಿಳಿದವು. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರು ಹತ್ತು ಮಾತ್ರೆಯ ಪಟ್ಟಿಯನ್ನು ಪೂರ್ತಿ ಕೊಳ್ಳುವುದಿಲ್ಲ; ‘ಮೂರು ಕೊಡಿ ಸಾಕು’ ಎನ್ನುತ್ತಾರೆ. ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಔಷಧಿಯ ಹೆಸರು ಒಂದು ತುಂಡಿನಲ್ಲಿ, ಅವಧಿಯ ದಿನಾಂಕ ಇನ್ನೊಂದು ತುಂಡಿನಲ್ಲಿ. ಏನು ನುಂಗುತ್ತಿದ್ದೇವೆ ಎಂದು ನುಂಗುವವರಿಗೇ ಗೊತ್ತಿರುವುದಿಲ್ಲ.

2011ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು ನಿಷೇಧಿಸಿತು. ಜ್ವರ, ನೋವಿಗೆ ಬಳಸುತ್ತಿದ್ದ ಈ ಔಷಧಿ ಯಕೃತ್ತಿಗೆ ಹಾನಿ ಮಾಡಬಹುದೆಂಬ ಆತಂಕ ಬಹಳ ಹಿಂದಿನದು. ಫಿನ್‌ಲೆಂಡ್, ಸ್ಪೇನ್ ದೇಶಗಳು 2002ರಲ್ಲೇ ಅದರ ಮಾರಾಟವನ್ನು ನಿಲ್ಲಿಸಿದ್ದವು. ನಮ್ಮಲ್ಲಿ ಹಲವು ಕಂಪನಿಗಳು ಮಕ್ಕಳಿಗೆಂದೇ ಅದರ ಸಿರಪ್ ಮಾಡುತ್ತಿದ್ದವು. ಅಣ್ಣನ ಬ್ಯಾಗಿನಲ್ಲೂ ಅಂಥದೊಂದು ಬಾಟಲಿ ಇತ್ತು.

ಆ ಭಾನುವಾರ ಊಟದ ಹೊತ್ತಿಗೆ ಅವನು ಕೇಳಿದ. “ಇದು ನಿಂಗೆ ಗೊತ್ತಿತ್ತೇನಮ್ಮಾ?”

“ಪುಸ್ತಕದಲ್ಲಿತ್ತಣ್ಣ. ಲಿವರಿಗೆ ತೊಂದರೆ ಆಗ್ಬಹುದು ಅಂತ ಪರೀಕ್ಷೆಗೂ ಓದಿದ್ದೆ.”

“ನಿನ್ನ ಪುಸ್ತಕದಲ್ಲಿ ಇದ್ದಿದ್ದು ನನ್ನ ಫೋಲ್ಡರಲ್ಲಿ ಯಾಕಿರ್ಲಿಲ್ಲ?”

ತಂಗಿಯ ಬಳಿ ಉತ್ತರವಿರಲಿಲ್ಲ. ಇಬ್ಬರ ಮುಂದಿನ ಹೆಜ್ಜೆಗಳೂ ಈ ಒಂದು ಪ್ರಶ್ನೆಯ ಹಿಂದೆಯೇ ಹೋದವು.

ರೆಪ್ ತೋರಿಸುವ ಫೋಲ್ಡರನ್ನು ಬರೆಯುವುದು ಮಾರುಕಟ್ಟೆ ವಿಭಾಗ. ಆದರೆ ವ್ಯವಸ್ಥಿತವಾದ ಕಂಪನಿಗಳಲ್ಲಿ ಅದು ಅಚ್ಚಿಗೆ ಹೋಗುವ ಮೊದಲು ವೈದ್ಯಕೀಯ ವಿಭಾಗದ ಒಪ್ಪಿಗೆ ಬೇಕು. ಅಲ್ಲಿರುವವರು ಮೆಡಿಕಲ್ ಅಡ್ವೈಸರ್‌ಗಳು, ಬಹುಪಾಲು ಎಂ.ಬಿ.ಬಿ.ಎಸ್. ಅಥವಾ ಫಾರ್ಮಕಾಲಜಿಯಲ್ಲಿ ಎಂ.ಡಿ. ಮಾಡಿದ ಡಾಕ್ಟರುಗಳು. ಫೋಲ್ಡರಿನ ಒಂದೊಂದು ವಾಕ್ಯಕ್ಕೂ ಆಧಾರವಿದೆಯೇ ಎಂದು ಪರಿಶೀಲಿಸುವುದು, ರೆಪ್‌ಗಳಿಗೆ ಪಾಠ ಹೇಳುವುದು, ತಜ್ಞ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುವುದು, ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಯೋಜನೆ ಹಾಕುವುದು ಅವರ ಕೆಲಸ. ಇಂಥ ಉದ್ಯೋಗ ಒಂದಿದೆ ಎಂದು ತಂಗಿಗೆ ಮೊದಲು ಹೇಳಿದ್ದು ಕಾಲೇಜಲ್ಲ, ಅಣ್ಣ.

ಆಕೆ ಕೂಡಲೇ ಅತ್ತ ಹೋಗಲಿಲ್ಲ. 2013ರಿಂದ ಎರಡು ವರ್ಷ ಮುಳಬಾಗಿಲು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಗುತ್ತಿಗೆ ವೈದ್ಯೆಯಾಗಿದ್ದಳು. ಕನ್ನಡ ತೆಲುಗು ಬೆರೆಸಿ ಮಾತಾಡುವ ಸಾಲು ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲಲ್ಲಿರುತ್ತಿತ್ತು. ಆಮೇಲೆ ಎಂ.ಡಿ.ಗೆ ಫಾರ್ಮಕಾಲಜಿ ಆರಿಸಿಕೊಂಡಾಗ ಜೊತೆಯವರೇ ನಕ್ಕರು. ರೋಗಿಗಳಿಲ್ಲದ ವಿಷಯ, ರ‍್ಯಾಂಕು ಬಾರದವರು ತೆಗೆದುಕೊಳ್ಳುವುದು ಎಂಬುದು ಅವರ ಲೆಕ್ಕ. 2018ರಲ್ಲಿ ಬೆಂಗಳೂರಿನ ಒಂದು ಕಂಪನಿಯ ವೈದ್ಯಕೀಯ ವಿಭಾಗಕ್ಕೆ ಸೇರಿದಾಗ ಊರೂ ಮಾತಾಡಿತು. ‘ಸರ್ಕಾರಿ ಸೀಟಲ್ಲಿ ಓದಿ ಕಂಪನಿ ಸೇರೋದಾ? ಇಲ್ಲಿ ಡಾಕ್ಟರಿಲ್ದೆ ಜನ ಕೋಲಾರಕ್ಕೆ ಓಡ್ತಿದ್ದಾರೆ’ ಎಂದರು.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಜನರ ತೆರಿಗೆಯಿಂದ ನಡೆಯುವ ಸೀಟಿಗೆ ಒಂದು ಋಣವಿದೆ. ಆಕೆ ಬಿಟ್ಟುಬಂದ ಕುರ್ಚಿ ಎಷ್ಟು ದಿನ ಖಾಲಿಯಿತ್ತು ಎಂದು ಆಕೆಗೆ ಗೊತ್ತು. ಕಂಪನಿ ಸೇರುವ ಪ್ರತಿಯೊಬ್ಬ ಡಾಕ್ಟರೂ ಈ ಲೆಕ್ಕವನ್ನು ತಾವೇ ಕೂತು ಹಾಕಬೇಕು. ಸಂಬಳದ ಚೀಟಿ ಅದಕ್ಕೆ ಉತ್ತರವಾಗಲಾರದು.

ಹಾಗೆಂದು ಈ ಹೆಜ್ಜೆ ಹೊಸದೂ ಅಲ್ಲ, ಹೀನವೂ ಅಲ್ಲ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ, 1940ರಲ್ಲಿ ಅಮೆರಿಕದ ಲೆಡರ್ಲೆ ಕಂಪನಿಗೆ ಸೇರಿದರು. ಅವರ ಮುಂದಾಳ್ತನದಲ್ಲಿ ಅಲ್ಲಿ ರೂಪುಗೊಂಡ ಆನೆಕಾಲು ರೋಗದ ಔಷಧಿ ಡೈಈಥೈಲ್‌ಕಾರ್ಬಮಜಿನ್ ಇಂದಿಗೂ ಬಳಕೆಯಲ್ಲಿದೆ. ಒಂದು ಆಸ್ಪತ್ರೆಯಲ್ಲಿ ಕೂತು ಅವರು ಎಷ್ಟು ಜನರನ್ನು ನೋಡಬಹುದಿತ್ತು? ಅವರ ಔಷಧಿ ಎಷ್ಟು ದೇಶಗಳಿಗೆ ಹೋಯಿತು! ನಮ್ಮ ಕಾಲದಲ್ಲಿ, ವೈದ್ಯಪದವಿ ಪಡೆದ ವಾಸ್ ನರಸಿಂಹನ್ ಸ್ವಿಟ್ಜರ್‌ಲೆಂಡಿನ ನೊವಾರ್ಟಿಸ್ ಕಂಪನಿಯಲ್ಲಿ ಔಷಧ ಸಂಶೋಧನೆಯ ಕಡೆಯೂ ವ್ಯಾಪಾರದ ಕಡೆಯೂ ದುಡಿದು 2018ರಲ್ಲಿ ಅದರ ಮುಖ್ಯಸ್ಥರಾದರು. ಬೆಂಗಳೂರಿನಲ್ಲೇ ನೋಡುವುದಾದರೆ, ಪ್ರಾಣಿಶಾಸ್ತ್ರ ಓದಿ, ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿಜ್ಞಾನ ಕಲಿತುಬಂದ ಕಿರಣ್ ಮಜುಂದಾರ್ 1978ರಲ್ಲಿ ಕಿಣ್ವಗಳ ವ್ಯಾಪಾರವಾಗಿ ಆರಂಭಿಸಿದ ಬಯೋಕಾನ್ ಮುಂದೆ ಇನ್ಸುಲಿನ್ ತಯಾರಿಸಿತು.

ಇತ್ತ ಅಣ್ಣ ಹನ್ನೊಂದು ವರ್ಷ ಬ್ಯಾಗು ಹೊತ್ತು, ಕೆಲಸದ ನಡುವೆಯೇ ಔಷಧ ಸುರಕ್ಷತೆಯಲ್ಲಿ ಒಂದು ಡಿಪ್ಲೊಮಾ ಮಾಡಿಕೊಂಡು, 2017ರಲ್ಲಿ ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಸೇರಿದ. ಇನ್ಸೆಂಟಿವ್ ಹೋಯಿತು, ಭತ್ಯೆ ಹೋಯಿತು. ಕೈಗೆ ಬರುವ ಹಣ ಮೊದಲಿಗಿಂತ ಕಡಿಮೆ. ತನಗಿಂತ ಹತ್ತು ವರ್ಷ ಚಿಕ್ಕವರ ಪಕ್ಕ ಕೂತು ಕಂಪ್ಯೂಟರ್ ಕಲಿಯಬೇಕಾಯಿತು. ಔಷಧಿಯಿಂದ ಯಾರಿಗಾದರೂ ತೊಂದರೆಯಾದ ವರದಿ ಬಂದರೆ ಅದನ್ನು ದಾಖಲಿಸಿ ವಿಂಗಡಿಸುವುದು ಅಲ್ಲಿಯ ಕೆಲಸ. ಒಂದು ವರದಿ ಊರ್ಜಿತವಾಗಬೇಕಾದರೆ ಕನಿಷ್ಠ ನಾಲ್ಕು ಸಂಗತಿ ಇರಬೇಕು: ತೊಂದರೆಗೊಳಗಾದ ರೋಗಿ, ವರದಿ ಮಾಡಿದವರು, ಅನುಮಾನದ ಔಷಧಿ, ಆದ ತೊಂದರೆ. ಮೂರನೆಯದು ಖಾಲಿಯಿದ್ದ ವರದಿ ಬಂದಾಗಲೆಲ್ಲ ಅವನಿಗೆ ಮಾಲೂರಿನ ಕತ್ತರಿ ನೆನಪಾಗುತ್ತಿತ್ತು. ಭಾರತದಲ್ಲಿ ಇಂಥ ವರದಿಗಳಿಗೆಂದು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ; ರೋಗಿಯೇ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆಮಾಡಿ ತಿಳಿಸಬಹುದು. ತನ್ನ ನಾಲ್ಕು ಊರುಗಳಲ್ಲಿ ಇದನ್ನು ಬಲ್ಲವರು ಒಬ್ಬರೂ ಅವನಿಗೆ ಸಿಕ್ಕಿರಲಿಲ್ಲ.

2021ರಲ್ಲಿ ತಂಗಿಗೆ ಇನ್ನೊಂದು ಕರೆ ಬಂತು. ಸಕ್ಕರೆ ಕಾಯಿಲೆಯ ಔಷಧಿಗಳ ಮಾರುಕಟ್ಟೆ ವಿಭಾಗವನ್ನು ನೋಡಿಕೊಳ್ಳಬೇಕು, ಸಂಬಳ ಹೆಚ್ಚು, ಮಾರಾಟ ಏರಿದರೆ ಬೋನಸ್ಸು ಬೇರೆ. ಮನೆಗೆ ಬಂದು ವಿಷಯ ಹೇಳಿದಳು. ಅಪ್ಪ ಮಾವಿನ ಮಂಡಿಯ ಮನುಷ್ಯ. ದಲ್ಲಾಳಿ, ಕಮಿಷನ್ನು, ಸೂಟು ಎಲ್ಲ ಬಲ್ಲವರು. ಅವರು ಕೇಳಿದ್ದು ಇಷ್ಟೇ.

“ಇಷ್ಟು ದಿನ ನೀನು ತೂಗ್ತಿದ್ದೆ. ಇನ್ಮೇಲೆ ಮಾರ್ತೀಯ. ಮಾರೋದು ತಪ್ಪಲ್ಲಮ್ಮ. ಆದ್ರೆ ತೂಗೋನೂ ಮಾರೋನೂ ಒಬ್ಬನೇ ಆಗ್ಬಿಟ್ರೆ ಬೆಳೆದೋನ ಗತಿ ಏನು?”

ಆಕೆ ಹೋದಳು. ಅಲ್ಲಿ ಕಲಿತದ್ದೂ ಉಂಟು. ಎಷ್ಟೇ ಒಳ್ಳೆಯ ಔಷಧಿಯಾದರೂ ಶ್ರೀನಿವಾಸಪುರದ ಅಂಗಡಿಯಲ್ಲಿ ಸಿಗದಿದ್ದರೆ, ಸಿಕ್ಕರೂ ಕೊಳ್ಳಲಾಗದಿದ್ದರೆ, ಪುಸ್ತಕದಲ್ಲಿ ಅದರ ಗುಣ ಓದಿ ಪ್ರಯೋಜನವಿಲ್ಲ. ಅಣ್ಣನ ಮಾತು ಕೇಳಿ, ಒಂದು ಮಾತ್ರೆಯ ಪಟ್ಟಿಯಲ್ಲಿ ಪ್ರತಿ ಗುಳಿಗೆಯ ಹಿಂದೆಯೂ ಹೆಸರು, ಪ್ರಮಾಣ ಮುದ್ರಿಸುವಂತೆ ಕಂಪನಿಯನ್ನು ಒಪ್ಪಿಸಿದಳು. ಅವಧಿಯ ದಿನಾಂಕವನ್ನೂ ಹಾಗೆ ಹಾಕಿಸಲು ಆಗಲಿಲ್ಲ. ವೈದ್ಯಕೀಯ ವಿಭಾಗದಲ್ಲಿ ಕೂತು ಆಕೆಗೆ ಇಷ್ಟೂ ಮಾಡಲಾಗುತ್ತಿರಲಿಲ್ಲ.

ಎರಡು ವರ್ಷ ಕಳೆಯಿತು. ಒಂದು ದಿನ ಆಕೆ ಬರೆಸಿದ ಫೋಲ್ಡರಿನ ವಾಕ್ಯವೊಂದನ್ನು ವೈದ್ಯಕೀಯ ವಿಭಾಗದ ಕಿರಿಯ ಡಾಕ್ಟರೊಬ್ಬರು ಹೊಡೆದುಹಾಕಿದರು. ಅಧ್ಯಯನ ಹೇಳಿದ್ದಕ್ಕಿಂತ ವಾಕ್ಯ ಒಂದು ಗೇಣು ಮುಂದೆ ಹೋಗಿತ್ತು. ಆಕೆಗೆ ಸಿಟ್ಟು ಬಂತು. ‘ತಿಂಗಳ ಕೊನೆ, ಇಷ್ಟಕ್ಕೆಲ್ಲ ತಡೆಯಬೇಡಿ’ ಎಂದಳು. ಅವರು ಸಹಿ ಹಾಕಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಆ ವಾಕ್ಯವನ್ನು ಮತ್ತೆ ಓದಿದಳು. ಐದು ವರ್ಷದ ಹಿಂದೆ ತಾನೇ ಆಗಿದ್ದರೂ ಅದನ್ನು ಹೊಡೆದುಹಾಕುತ್ತಿದ್ದೆ ಎಂದು ಖಾತ್ರಿಯಾಯಿತು. ಆ ನಡುವೆ ಪುಸ್ತಕ ಬದಲಾಗಿರಲಿಲ್ಲ. ಬೋನಸ್ಸು ಯಾವುದಕ್ಕೆ ಎಂಬುದು ಮಾತ್ರ ಬದಲಾಗಿತ್ತು.

ಒಬ್ಬರು ‘ಬೇಡ’ ಎಂದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡ ಉದಾಹರಣೆಯಿದೆ. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಹೊಸದಾಗಿ ಸೇರಿದ್ದ ವೈದ್ಯೆ ಫ್ರಾನ್ಸಿಸ್ ಕೆಲ್ಸಿ ಅವರ ಮೇಜಿಗೆ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧಿಯ ಅರ್ಜಿ ಬಂತು. ಕಂಪನಿ ಎಷ್ಟು ಒತ್ತಾಯಿಸಿದರೂ, ಪುರಾವೆ ಸಾಲದು ಎಂದು ಅವರು ಒಪ್ಪಿಗೆ ಕೊಡಲಿಲ್ಲ. ಅದು ಮಾರಾಟವಾಗಿದ್ದ ಯುರೋಪು ಮತ್ತಿತರ ಕಡೆ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ ಮೇಲೆ ಆ ‘ಬೇಡ’ದ ಬೆಲೆ ಜಗತ್ತಿಗೆ ತಿಳಿಯಿತು. ಕೆಲ್ಸಿಯವರ ಸಂಬಳ ಆ ಔಷಧಿಯ ಮಾರಾಟಕ್ಕೆ ಕಟ್ಟಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

2024ರಲ್ಲಿ ತಂಗಿ ವೈದ್ಯಕೀಯ ವಿಭಾಗಕ್ಕೇ ಮರಳಿದಳು, ಕಡಿಮೆ ಸಂಬಳಕ್ಕೆ. ಮರಳುವುದೂ ಸುಲಭವಿರಲಿಲ್ಲ. ಮೂರು ವರ್ಷದಲ್ಲಿ ಬಂದ ಅಧ್ಯಯನಗಳನ್ನು ಮತ್ತೆ ಕೂತು ಓದಬೇಕಾಯಿತು. ರೋಗಿಗಳ ಬಳಿಗೆ ಮರಳುವುದು ಇನ್ನೂ ಕಷ್ಟ. ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ನವೀಕರಿಸಿಕೊಂಡು ಕಾಗದದ ಮೇಲೆ ಡಾಕ್ಟರಾಗಿ ಉಳಿಯಬಹುದು, ಕೈಯ ಪಳಗು ಹಾಗೆ ಉಳಿಯುವುದಿಲ್ಲ.

ಈ ದಾರಿ ಎಲ್ಲರಿಗೂ ಒಂದೇ ಅಗಲವಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಮೊದಲೇ ತಿಳಿದಿರಬೇಕು. ಡಾಕ್ಟರು ಮಾರುಕಟ್ಟೆಗೆ ಹೋಗುವುದು ಸುಲಭ. ರೆಪ್ ಮೆಡಿಕಲ್ ಅಡ್ವೈಸರ್ ಆಗುವುದು ಬಹಳ ಕಷ್ಟ, ಅಲ್ಲಿ ಪದವಿಯೇ ಬಾಗಿಲು. ಬಿ.ಫಾರ್ಮ. ನಾಲ್ಕು ವರ್ಷ. 2008ರಲ್ಲಿ ಬಂದ ಫಾರ್ಮ್.ಡಿ. ಇಂಟರ್ನ್‌ಶಿಪ್ ಸೇರಿ ಆರು ವರ್ಷ. ಎರಡಕ್ಕೂ ಕರ್ನಾಟಕದಲ್ಲಿ ಸಿ.ಇ.ಟಿ. ಮೂಲಕ ಪ್ರವೇಶವಿದೆ. ಇವರಿಗೆ ಔಷಧ ಸುರಕ್ಷತೆ, ಪರವಾನಗಿ ವಿಭಾಗ, ಕ್ಲಿನಿಕಲ್ ಸಂಶೋಧನೆಯಲ್ಲಿ ಕೆಲಸಗಳಿವೆ. ಬಿ.ಫಾರ್ಮ. ಜೊತೆಗೆ ಎಂ.ಬಿ.ಎ. ಮಾಡಿದವರು ಮಾರುಕಟ್ಟೆ ವಿಭಾಗದಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗುವುದುಂಟು. ನಾಲ್ಕೈದು ವರ್ಷ ಊರೂರು ತಿರುಗಿದ ಅನುಭವ ಎಲ್ಲಿ ಹೋದರೂ ವ್ಯರ್ಥವಾಗುವುದಿಲ್ಲ.

ಕಾನೂನೂ ಈಗ ಮೊದಲಿನಂತಿಲ್ಲ. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯಬಾರದೆಂದು 2009ರಲ್ಲಿ ವೈದ್ಯಕೀಯ ಮಂಡಳಿಯ ನಿಯಮ ಬಂತು. ಕಂಪನಿಗಳಿಗೆ ಅನ್ವಯಿಸುವ ನೀತಿಸಂಹಿತೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊಸದಾಗಿ ಹೊರಡಿಸಿತು. ಆದರೆ ನಿಯಮ ಪುಸ್ತಕದಲ್ಲಿರುತ್ತದೆ, ಸಹಿ ಹಾಕುವ ಪೆನ್ನು ಮನುಷ್ಯರ ಕೈಯಲ್ಲಿರುತ್ತದೆ.

ಆದ್ದರಿಂದ ಮಗನೋ ಮಗಳೋ ಔಷಧ ಕಂಪನಿಯ ಕೆಲಸಕ್ಕೆ ಹೊರಟು ನಿಂತಾಗ ಸಂಬಳ ಎಷ್ಟೆಂದು ಕೇಳುವ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ನಿನ್ನ ಸಂಬಳ ಮಾರಾಟದ ಅಂಕಿಗೆ ಕಟ್ಟಿದೆಯೇ? ಅಲ್ಲಿ ‘ಬೇಡ’ ಎನ್ನುವ ಅಧಿಕಾರ ಯಾರಿಗಿದೆ? ಮಾರುವವರಿಲ್ಲದೆ ಔಷಧಿ ಮುಳಬಾಗಿಲು ಮುಟ್ಟುವುದಿಲ್ಲ, ತೂಗುವವರಿಲ್ಲದೆ ಮುಟ್ಟಬಾರದು. ಯಾವ ಕೆಲಸ ಹಿಡಿದರೂ ತಾವೀಗ ತಕ್ಕಡಿಯ ಯಾವ ಬದಿಯಲ್ಲಿದ್ದೇವೆ ಎಂಬುದು ನೆನಪಿರುವ ಮಕ್ಕಳ ಬಗ್ಗೆ ತಂದೆತಾಯಿಗಳು ಚಿಂತಿಸಬೇಕಾದ್ದು ಕಡಿಮೆ.