ಬಲ ಎಲ್ಲಿ ಬೇಕೋ ಅಲ್ಲಿ

ಸಹೋದರಿಯರೇ, ನಿಮ್ಮ ಮನೆಯ ಕಪಾಟಿನ ಮೇಲೂ ರೆಕ್ಕೆ ಮುರಿದ ಒಂದು ರಿಮೋಟ್ ವಿಮಾನ ಬಿದ್ದಿರಬಹುದು. ಗಲ್ಫ್‌ನಿಂದ ರಜೆಗೆ ಬಂದವರು ಮಕ್ಕಳಿಗೆಂದು ಪ್ರೀತಿಯಿಂದ ತಂದಿರುತ್ತಾರೆ. ಎರಡು ದಿನ ಹಾರುತ್ತದೆ, ಮೂರನೆಯ ದಿನ ತೆಂಗಿನ ಮರಕ್ಕೆ ಬಡಿಯುತ್ತದೆ. ಆಮೇಲೆ ಅದು ಗುಜರಿಯವನ ಪಾಲು.

ನಮ್ಮಲ್ಲಿ ಅದು ಬಂದದ್ದು ಮಗನಿಗೆ. ಮುರಿದ ಮೇಲೆ ಕೈಗೆತ್ತಿಕೊಂಡವಳು ಹತ್ತನೆಯ ತರಗತಿಯ ಮಗಳು. “ಹೆಣ್ಣುಮಗುವಿಗೆ ಇದೆಲ್ಲ ಯಾಕೆ?” ಎಂದರು ಅತ್ತೆ. “ರಜೆಯಲ್ಲವೇ, ಮಾಡಲಿ ಬಿಡಿ” ಎಂದೆ.

ಥರ್ಮಕೋಲಿನ ವಿಮಾನ ಹಾರುವಾಗ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗುತ್ತವೆ. ಅತಿ ಹೆಚ್ಚು ಒತ್ತಡ ಬೀಳುವುದು ರೆಕ್ಕೆ ಒಡಲಿಗೆ ಸೇರುವ ನಡುಭಾಗದಲ್ಲಿ. ಮಗಳು ಅಲ್ಲಿ ಉದ್ದಕ್ಕೆ ಸೀಳು ಮಾಡಿ, ಕಬಾಬ್ ಚುಚ್ಚುವ ಬಿದಿರು ಕಡ್ಡಿಯನ್ನು ಕೂರಿಸಿದಳು. ಸೂಪರ್ ಗ್ಲೂ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಆದ್ದರಿಂದ ಮರಕ್ಕೆ ಹಚ್ಚುವ ಬಿಳಿ ಅಂಟು ಹಾಕಿ ರಾತ್ರಿಯಿಡೀ ಒಣಗಿಸಿದಳು. ಬಾಗುವಾಗ ಎಳೆತ ಬೀಳುವುದು ರೆಕ್ಕೆಯ ಕೆಳಬದಿಗೆ. ಅಲ್ಲಿಗೊಂದು ಪಟ್ಟಿ ಟೇಪ್ ಸಾಕು.

ಆದರೆ ಭಯಕ್ಕೆ ‘ಸಾಕು’ ಎಂಬುದಿಲ್ಲ. ಮತ್ತೆ ಮುರಿಯಬಾರದೆಂದು ಬಾಲಕ್ಕೂ ಎರಡು ಸುತ್ತು ಟೇಪ್ ಸುತ್ತಿದಳು. ಹಾರಿಸಿದಾಗ ವಿಮಾನ ಮೂತಿ ಎತ್ತಿ, ಗಾಳಿಯಲ್ಲಿ ನಿಂತಂತಾಗಿ, ದೊಪ್ಪನೆ ಬಿತ್ತು. ಬಾಲ ಸಮತೋಲದ ಬಿಂದುವಿನಿಂದ ದೂರವಿರುವುದರಿಂದ ಅಲ್ಲಿ ಸೇರಿದ ಒಂದು ಗ್ರಾಂ ಭಾರವನ್ನು ಸರಿದೂಗಿಸಲು ಮೂತಿಯಲ್ಲಿ ಹಲವು ಗ್ರಾಂ ಬೇಕು. ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಬೆರಳಿಟ್ಟು ಎತ್ತಿದರೆ ಇಂಥ ವಿಮಾನ ಸಾಮಾನ್ಯವಾಗಿ ಸಮವಾಗಿ ನಿಲ್ಲಬೇಕು. ಮಗಳು ಟೇಪ್ ಕಿತ್ತಳು, ಬ್ಯಾಟರಿಯನ್ನು ಮುಂದಕ್ಕೆ ಸರಿಸಿದಳು. ವಿಮಾನ ಗದ್ದೆಯ ಮೇಲೆ ಮೂರು ಸುತ್ತು ಹಾಕಿ ಇಳಿಯಿತು.

9ನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾದಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದರೆಂದು 17ನೇ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾರೆ. ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತಂತೆ. ಬಾಲ ಇಟ್ಟುಕೊಳ್ಳದಿದ್ದುದೇ ಕಾರಣವಂತೆ. ಬಾಲ ಇಲ್ಲದಿದ್ದರೂ ಕಷ್ಟ, ಭಾರವಾದರೂ ಕಷ್ಟ!

ಒಂದು ಎಚ್ಚರಿಕೆ: ಇಂಥ ವಿಮಾನಗಳ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ. ಚಾರ್ಜಿಗಿಟ್ಟು ಮಲಗಬೇಡಿ, ಬೆಂಕಿ ಹತ್ತಬಹುದು. ಜನರಿರುವಲ್ಲಿ, ವಿಮಾನ ನಿಲ್ದಾಣದ ಸಮೀಪ ಹಾರಿಸುವುದೂ ಬೇಡ.

ಈ ವರ್ಷ ಮಗಳು ವಿಜ್ಞಾನ ಓದಲು ಪೇಟೆಯ ಕಾಲೇಜಿಗೆ ಹೋಗಬೇಕೆಂದಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಕುಟುಂಬದಲ್ಲಿ ಚರ್ಚೆಯೋ ಚರ್ಚೆ. ಊರಲ್ಲೇ ಸಿಕ್ಕಿದ್ದು ಓದಲಿ ಎಂದರು ಕೆಲವರು. ಅವರ ಕಾಳಜಿ ಸುಳ್ಳಲ್ಲ, ನನಗೂ ಅಳುಕಿತ್ತು. ಆದರೆ ಭಾರ ಎಲ್ಲಿ ಬೀಳುತ್ತದೆಂದು ಮೊದಲು ನೋಡಿದೆವು. ಬೀಳುವುದು ಸಂಜೆಯ ಬಸ್ಸಿನಲ್ಲಿ. ಅದೇ ದಾರಿಯ ಇಬ್ಬರು ಹುಡುಗಿಯರ ಜೊತೆ ಮಾಡಿಕೊಟ್ಟೆವು. ನಿಲ್ದಾಣಕ್ಕೆ ಅಣ್ಣ ಬರುತ್ತಾನೆ. ನಮಾಝ್, ಸತ್ಯ, ಮನೆಯವರ ಮೇಲಿನ ವಿಶ್ವಾಸ ಮೊದಲೇ ಒಳಗೆ ಕೂತ ಕಡ್ಡಿಗಳು. ಉಳಿದ ಕಡೆಗೆಲ್ಲ ಟೇಪ್ ಸುತ್ತಲಿಲ್ಲ.

ಸಹೋದರಿಯರೇ, ನಿಮ್ಮ ಮಗಳಿಗೆ ‘ಬೇಡ’ ಎನ್ನುವ ಮೊದಲು ಒಮ್ಮೆ ಕೇಳಿಕೊಳ್ಳಿ: ಇದು ಅವಳಿಗೆ ಬಲವೇ, ಬರೀ ಭಾರವೇ? ಬಲ ಕೊಡುವುದು ನಮ್ಮ ಕೆಲಸ, ಕಾಯುವವನು ಅಲ್ಲಾಹನು.