ಕೆಟ್ಟಿದ್ದು ಆಂಪ್ ಅಲ್ಲ

1/9

ಹೋದ ತಿಂಗಳು ನಾನು ಹಾಕಿದ್ದ ಒಂದು ಸ್ಟೋರಿ ನಿಮ್ಮಲ್ಲಿ ತುಂಬಾ ಜನಕ್ಕೆ ನೆನಪಿರುತ್ತೆ. ಕೆಂಪು ಲೈಟ್ ಉರೀತಿರೋ ಕಾರ್ ಆಂಪ್ಲಿಫೈಯರ್ ಫೋಟೊ, ಅದರ ಮೇಲೆ ನಮ್ಮ ಹಾಸನದ ಒಂದು ಅಂಗಡಿ ಹೆಸರು, ಕೆಳಗೆ "ಇಲ್ಲಿ ಯಾರೂ ತಗೋಬೇಡಿ, ಡಮ್ಮಿ ಮಾಲು" ಅಂತ ದಪ್ಪಕ್ಷರದಲ್ಲಿ. ಕ್ಲಾಸಿನ ಅರ್ಧ ಜನ ನಗೋ ಎಮೋಜಿ ಕಳಿಸಿದ್ರಿ. ಕೆಲವರು ನಿಮ್ಮ ಸ್ಟೋರಿಗೂ ಹಾಕ್ಕೊಂಡ್ರಿ. 24 ಗಂಟೆ ಆಯ್ತು, ಸ್ಟೋರಿ ಹೋಯ್ತು, ಎಲ್ಲರೂ ಮರೆತ್ವಿ.

ಆ ಸ್ಟೋರಿಯಲ್ಲಿ ಬರೆದಿದ್ದು ತಪ್ಪು. ಆಂಪ್ ಸರಿಯಾಗೇ ಇತ್ತು. ಕೆಟ್ಟಿದ್ದು ನನ್ನ ಕೆಲಸ. ಅದು ಹೇಗೆ ಗೊತ್ತಾಯ್ತು ಅಂತ ಈ 9 ಫೋಟೊಗಳಲ್ಲಿ ಹೇಳ್ತೀನಿ. ಕಾರಲ್ಲಿ ಸಬ್ ವೂಫರ್ ಹಾಕಿಸಿರೋರಿಗೂ, ಹಾಕಿಸಬೇಕು ಅಂತಿರೋರಿಗೂ ಉಪಯೋಗಕ್ಕೆ ಬರುತ್ತೆ. ಇದೆಲ್ಲ ಬೇಡ ಅನ್ನೋರು ನೇರ 9ನೇದಕ್ಕೆ ಹೋಗಿ. ಅದನ್ನ ಮಾತ್ರ ದಯವಿಟ್ಟು ಎಲ್ಲರೂ ಓದಿ.

2/9

ಅಪ್ಪನ ಕಾರು ಹಳೇದು, ಸೆಕೆಂಡ್ ಹ್ಯಾಂಡ್. ಕಾಲೇಜ್ ಮುಗಿಸ್ಕೊಂಡು ಸಂಜೆ ನಾನು ಒಬ್ಬರು ಆಡಿಟರ್ ಹತ್ರ ಟ್ಯಾಲಿ ಎಂಟ್ರಿ ಮಾಡೋದು ನಿಮಗೆ ಗೊತ್ತು. ಐದು ತಿಂಗಳು ಕೂಡಿಟ್ಟ ದುಡ್ಡಲ್ಲಿ ಆಂಪ್‌ಗೆ 7,200 ರೂಪಾಯಿ, 12 ಇಂಚಿನ ಸಬ್‌ಗೆ ಬಾಕ್ಸ್ ಸಮೇತ 5,500. ಅಂಗಡಿ ಅಣ್ಣ, "ವೈರಿಂಗ್ ಕಿಟ್ ಪೂರ್ತಿ ತಾಮ್ರದ್ದೇ ತಗೋ, ಫಿಟ್ಟಿಂಗ್ ನಾನೇ ಮಾಡ್ಕೊಡ್ತೀನಿ" ಅಂದ್ರು. ಕಿಟ್ 2,400, ಫಿಟ್ಟಿಂಗ್ 1,000. ನಾನು ಮನಸ್ಸಲ್ಲೇ ಲೆಕ್ಕ ಹಾಕ್ದೆ: ಆನ್‌ಲೈನಲ್ಲಿ 700ಕ್ಕೆ ಕಿಟ್ ಸಿಗುತ್ತೆ, ಫಿಟ್ಟಿಂಗ್ ವಿಡಿಯೊ ನೋಡ್ಕೊಂಡು ಮಾಡಿದ್ರಾಯ್ತು. 2,700 ಉಳೀತು ಅಂತ ಖುಷಿ.

ಭಾನುವಾರ ಪೂರ್ತಿ ಕೂತು ಫಿಟ್ ಮಾಡ್ದೆ. ಮನೆ ಮುಂದೆ ಹಾಡು ಹಾಕಿದ್ರೆ ಚೆನ್ನಾಗೇ ಬಂತು. ಅಪ್ಪ ಕಿಟಕಿಯಿಂದ "ಸೌಂಡ್ ಕಮ್ಮಿ ಮಾಡ್ಲೇ" ಅಂದ್ರು. ಅಂದ್ರೆ ಸಕ್ಸಸ್.

ಆ ಶನಿವಾರ ನಾವು ಐದು ಜನ ಸಕಲೇಶಪುರಕ್ಕೆ ಹೊರಟಿದ್ವಲ್ಲ, ಬಾಳ್ಳುಪೇಟೆ ಹತ್ತಿರ ವಾಲ್ಯೂಮ್ ಏರಿಸ್ದೆ. ಬೀಟ್ ಬೀಳೋ ಜಾಗದಲ್ಲಿ ಸಬ್ ಸತ್ತೋಯ್ತು. ಮೂರು ಸೆಕೆಂಡ್ ಬಿಟ್ಟು ತಾನೇ ಬಂತು. ಮತ್ತೆ ಬೀಟ್, ಮತ್ತೆ ಕಟ್. ವಾಲ್ಯೂಮ್ ಇಳಿಸಿದ್ರೆ ಏನೂ ತೊಂದ್ರೆ ಇಲ್ಲ. ಹಿಂದಿನ ಸೀಟಿಂದ "ಮಗಾ, ನಿನ್ ಆಂಪ್‌ಗೆ ಉಬ್ಬಸ ಕಣೋ" ಅಂತ ಕಾಮೆಂಟ್ ಬಂತು. ಹೇಳಿದವನು ಇದನ್ನ ಓದ್ತಿದ್ದಾನೆ. ವಾಪಸ್ ಬರೋವರೆಗೂ ನಾನು ಮಾತಾಡ್ಲಿಲ್ಲ.

3/9

ಸೋಮವಾರ ಆಂಪ್ ಬಿಚ್ಕೊಂಡು ಅಂಗಡಿಗೆ ಹೋದೆ. ಅಣ್ಣ ಅದನ್ನ ತಮ್ಮ ಟೇಬಲ್ ಮೇಲೆ ಬೇರೆ ಬ್ಯಾಟರಿಗೆ ಹಾಕಿ, ಬೇರೆ ಸಬ್ ಕೊಟ್ಟು, ಅರ್ಧ ಗಂಟೆ ಜೋರಾಗಿ ಓಡಿಸಿದ್ರು. ಒಂದ್ಸಲಾನೂ ಕಟ್ ಆಗ್ಲಿಲ್ಲ. ಆಮೇಲೆ ನನ್ನನ್ನ ಕೇಳಿದ್ರು: "ಗ್ರೌಂಡ್ ಎಲ್ಲಿ ಕೊಟ್ಟಿದ್ದೀಯಾ? ಪೇಂಟ್ ಕೆರೆದಿದ್ದೀಯಾ?"

ನಾನು "ಹ್ಞೂಂ" ಅಂದೆ.

ಕೆರೆದಿರ್ಲಿಲ್ಲ. ಕೆರೀಬೇಕು ಅಂತ ವಿಡಿಯೊದಲ್ಲಿ ನೋಡಿದ್ದೆ, ಆದ್ರೆ ಅಪ್ಪನ ಕಾರಿನ ಪೇಂಟ್ ಕೆರೆಯೋಕೆ ಭಯ ಆಗಿತ್ತು. ಬೋಲ್ಟ್ ಟೈಟ್ ಮಾಡಿದ್ರೆ ಸಾಕು ಅಂದ್ಕೊಂಡಿದ್ದೆ. ಅಷ್ಟು ಹೊತ್ತಿಗೆ ಅಂಗಡೀಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ರು. ಅವರ ಮುಂದೆ "ಇಲ್ಲ, ಮರೆತೆ" ಅನ್ನೋಕೆ ನಾಚಿಕೆ.

"ಹಂಗಾದ್ರೆ ಕಾರ್ ತಗೊಂಡ್ ಬಾ, ನೋಡೋಣ" ಅಂದ್ರು. ನನಗೆ ಅದು ಸಾಗಹಾಕೋ ಮಾತು ಅನ್ನಿಸ್ತು. ಹೊರಗೆ ಬಂದು, ಬೈಕ್ ಮೇಲೆ ಕೂತ್ಕೊಂಡೇ ಆ ಸ್ಟೋರಿ ಟೈಪ್ ಮಾಡಿದ್ದು. ಎರಡು ನಿಮಿಷದ ಕೆಲಸ.

4/9

ಮುಂದಿನ ವಾರ ಅಜ್ಜಿ ಮನೆಗೆ ಹೋಗಿದ್ದೆ. ನಮ್ಮ ಮಾವ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಮಾಡ್ತಾರೆ. ಕಾರ್ ಆಡಿಯೊ ಅವರಿಗೆ ಗೊತ್ತಿಲ್ಲ. ಆದ್ರೂ ಕಥೆ ಪೂರ್ತಿ ಕೇಳಿ, "ಸಂಜೆ ಹೊತ್ತು ಪಂಪ್‌ಸೆಟ್ ಸ್ಟಾರ್ಟ್ ಆದಾಗ ಮನೆ ಬಲ್ಬ್ ಒಂದ್ ಗಳಿಗೆ ಮಂಕಾಗಲ್ವೇನೋ? ಬಲ್ಬ್ ಕೆಟ್ಟಿರುತ್ತಾ?" ಅಂದ್ರು.

ಇಲ್ಲ. ಮೋಟಾರ್ ಒಂದೇ ಸಲ ಜಾಸ್ತಿ ಕರೆಂಟ್ ಎಳೆಯುತ್ತೆ, ದಾರಿಯಲ್ಲಿರೋ ವೈರ್ ಅದನ್ನ ತಾಳಲ್ಲ, ವೋಲ್ಟೇಜ್ ಬೀಳುತ್ತೆ. ಸಬ್‌ದೂ ಅದೇ ಕಥೆ. ಸಣ್ಣ ವಾಲ್ಯೂಮ್‌ನಲ್ಲಿ ಆಂಪ್ ಎರಡು ಮೂರು ಆಂಪಿಯರ್ ಎಳೆದ್ರೆ, ಜೋರು ಬೀಟ್‌ಗೆ 30, 40 ಆಂಪಿಯರ್ ಎಳೆಯುತ್ತೆ. ದಾರಿಯಲ್ಲಿ ಕಳೆದುಹೋಗೋ ವೋಲ್ಟೇಜ್ ಅಂದ್ರೆ ಕರೆಂಟ್ ಗುಣಿಸು ರೆಸಿಸ್ಟೆನ್ಸ್, ಹೈಸ್ಕೂಲಲ್ಲಿ ಓದಿದ ಓಮ್ಸ್ ಲಾ ಅಷ್ಟೇ. ರೆಸಿಸ್ಟೆನ್ಸ್ ಯಾವಾಗ್ಲೂ ಇರುತ್ತೆ, ವಾಲ್ಯೂಮ್ ಏರಿದಾಗ ಮಾತ್ರ ಕಾಣಿಸ್ಕೊಳ್ಳುತ್ತೆ. ವೋಲ್ಟೇಜ್ ಒಂದು ಮಿತಿಗಿಂತ ಕೆಳಗೆ ಹೋದ್ರೆ ಆಂಪ್ ತನ್ನನ್ನ ತಾನು ಉಳಿಸ್ಕೊಳ್ಳೋಕೆ ಆಫ್ ಆಗುತ್ತೆ. ಆ ಕೆಂಪು ಲೈಟ್ ಹೆಸರೇ ಪ್ರೊಟೆಕ್ಟ್.

ಮಾವ ಒಂದು ಮಲ್ಟಿಮೀಟರ್ ಕೈಗೆ ಕೊಟ್ಟು ಹೇಳಿದ್ದು ಇಷ್ಟೇ: "ಮೊದ್ಲು ಅಳತೆ ಮಾಡು. ಆಮೇಲೆ ಯಾರನ್ನ ಬೇಕಾದ್ರೂ ಬೈಯಿ."

5/9

ನಿಮ್ಮ ಆಂಪ್ ಕೂಡ ಕಟ್ ಆಗ್ತಿದ್ರೆ ಈ ಕ್ರಮದಲ್ಲಿ ನೋಡಿ.

ಮೊದಲು ಬಿಸಿ. ಕಟ್ ಆದ ತಕ್ಷಣ ಆಂಪ್ ಮೇಲೆ ಕೈ ಇಡಿ. ಕೈ ಇಡೋಕೇ ಆಗದಷ್ಟು ಸುಡ್ತಿದ್ದು, ಅರ್ಧ ಗಂಟೆ ಓಡಿದ ಮೇಲೆ ಕಟ್ ಆಗಿ, ತಣ್ಣಗಾದ ಮೇಲೇ ವಾಪಸ್ ಬಂದ್ರೆ ಅದು ಗಾಳಿ ಆಡದಿರೋ ಸಮಸ್ಯೆ. ಸೀಟ್ ಕೆಳಗೆ ಕಾರ್ಪೆಟ್‌ನಲ್ಲಿ ಮುಚ್ಚಿಟ್ಟಿದ್ರೆ ಹೀಗಾಗುತ್ತೆ. ನನ್ನದು ಬರೀ ಉಗುರುಬೆಚ್ಚಗೆ ಇತ್ತು, ಮೂರು ಸೆಕೆಂಡಲ್ಲಿ ವಾಪಸ್ ಬರ್ತಿತ್ತು. ಬಿಸಿ ಅಲ್ಲ.

ಎರಡನೇದು ಓಮ್. ಆಂಪ್ ಎಷ್ಟು ಓಮ್‌ವರೆಗೆ ತಡೆಯುತ್ತೆ ಅಂತ ಅದರ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತೆ. ನನ್ನದು 2 ಓಮ್. ಸಬ್‌ನಲ್ಲಿ 4 ಓಮ್‌ನ ಎರಡು ಕಾಯಿಲ್, ಪ್ಯಾರಲಲ್ ಆಗಿ ಕೊಟ್ರೆ 2 ಓಮ್. ಸ್ಪೀಕರ್ ವೈರ್ ಬಿಚ್ಚಿ ಮೀಟರ್ ಇಟ್ಟೆ, 1.8 ಬಂತು. ಮೀಟರ್‌ನಲ್ಲಿ ಸ್ವಲ್ಪ ಕಮ್ಮೀನೇ ತೋರಿಸುತ್ತೆ, ಅದು ಸರಿ. ಇದೇ ಥರದ ಇನ್ನೊಂದು ಸಬ್ ಸೇರಿಸಿ ಪ್ಯಾರಲಲ್ ಕೊಟ್ಟಿದ್ರೆ 1 ಓಮ್ ಆಗಿ ಆಂಪ್ ಕೈ ಎತ್ತಿಬಿಡ್ತಿತ್ತು.

ಮೂರನೇದು ಶಾರ್ಟ್. ಸ್ಪೀಕರ್ ವೈರಿನ ಒಂದು ಎಳೆ ಎಲ್ಲಾದ್ರೂ ಕಾರಿನ ಬಾಡಿಗೆ ತಾಗಿದ್ರೂ ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತೆ. ಅದೂ ಇರ್ಲಿಲ್ಲ.

6/9

ಈಗ ವೋಲ್ಟೇಜ್. ಹಾಡು ಹಾಕಿದ್ರೆ ಮೀಟರಿನ ಅಂಕಿ ಕುಣಿಯುತ್ತೆ, ಓದೋಕಾಗಲ್ಲ. 50 ಹರ್ಟ್ಜ್ ಟೆಸ್ಟ್ ಟೋನ್ ಡೌನ್‌ಲೋಡ್ ಮಾಡ್ಕೊಳ್ಳಿ, ಒಂದೇ ಸಮ ಗುಂಯ್ ಅನ್ನುತ್ತೆ. ಒಂದು ಸಲಕ್ಕೆ ಐದಾರು ಸೆಕೆಂಡ್ ಮಾತ್ರ ಹಾಕಿ. ಜಾಸ್ತಿ ಹೊತ್ತು ಹಾಕಿದ್ರೆ ಸಬ್ ಕಾಯಿಲ್ ಸುಡುತ್ತೆ. ಕಾರು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಆನ್ ಇರ್ಲಿ. ಶೆಡ್ ಒಳಗೆ ಎಂಜಿನ್ ಆನ್ ಮಾಡ್ಕೊಂಡು ಕೂರಬೇಡಿ, ಆ ಹೊಗೆ ಪ್ರಾಣಕ್ಕೇ ಅಪಾಯ.

ಟೋನ್ ಕಟ್ ಆಗೋ ಹತ್ತಿರ ಏರಿಸಿ ಅಳೆದಾಗ ನನಗೆ ಸಿಕ್ಕಿದ್ದು ಇದು. ಬ್ಯಾಟರಿ ಮೇಲೆ 13.6 ವೋಲ್ಟ್. ಡಿಕ್ಕಿಯಲ್ಲಿ ಆಂಪ್‌ನ ಪ್ಲಸ್, ಮೈನಸ್ ಮೇಲೆ 10.4. ಅಂದ್ರೆ ಬ್ಯಾಟರಿ, ಆಲ್ಟರ್ನೇಟರ್ ಎರಡೂ ಚೆನ್ನಾಗಿವೆ. 3.2 ವೋಲ್ಟ್ ದಾರಿಯಲ್ಲಿ ಕಾಣೆ.

ನಮ್ಮ ಭಾಷೇಲಿ ಹೇಳೋದಾದ್ರೆ ಇದು ಬ್ಯಾಂಕ್ ರಿಕನ್ಸಿಲಿಯೇಶನ್. ಕ್ಯಾಶ್ ಬುಕ್ ಒಂದು ಹೇಳುತ್ತೆ, ಪಾಸ್ ಬುಕ್ ಇನ್ನೊಂದು ಹೇಳುತ್ತೆ. ವ್ಯತ್ಯಾಸ ಎಲ್ಲಿ ಅಂತ ಒಂದೊಂದೇ ಎಂಟ್ರಿ ಹುಡುಕಬೇಕು. ಒಂದು ಉದ್ದದ ವೈರ್ ಇಟ್ಕೊಂಡು, ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಆಂಪ್ ಪ್ಲಸ್‌ಗೆ: 0.9 ವೋಲ್ಟ್. ಆಮೇಲೆ ಬ್ಯಾಟರಿ ಮೈನಸ್‌ನಿಂದ ಆಂಪ್ ಮೈನಸ್‌ಗೆ: 2.3 ವೋಲ್ಟ್.

0.9 ಪ್ಲಸ್ 2.3, ಒಟ್ಟು 3.2. ಟ್ಯಾಲಿ ಆಯ್ತು. ಇಂಟರ್ನಲ್ಸ್‌ನಲ್ಲಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗ ಖುಷಿ ಆಗುತ್ತಲ್ಲ, ಈ ಸಲ ಅದು ಆಗ್ಲಿಲ್ಲ. ಮೈನಸ್ ಕಡೆ ಕೈ ಹಾಕಿದ್ದು ನಾನೊಬ್ಬನೇ.

7/9

ಈ ಫೋಟೊ ಸರಿಯಾಗಿ ನೋಡಿ. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಗ್ರೌಂಡ್ ಬೋಲ್ಟ್ ತೆಗೆದಾಗ ಕಂಡಿದ್ದು. ಪೇಂಟ್ ಹಾಗೇ ಮಿರಮಿರ ಅಂತಿದೆ. ಪಕ್ಕದಲ್ಲಿ ಒಂದು ಕಡೆ ಕಪ್ಪಗೆ ಸುಟ್ಟ ಚುಕ್ಕೆ. ಡಿಕ್ಕಿ ಅದುರುವಷ್ಟು ಸೌಂಡಿನ ಕರೆಂಟೆಲ್ಲ ಬೋಲ್ಟಿನ ಎರಡು ಮರೆಯಿಂದ ನುಸುಳಿಕೊಂಡು ವಾಪಸ್ ಹೋಗ್ತಿತ್ತು. ಹೋಗೋ ಕರೆಂಟ್ ಎಷ್ಟೋ ಬರೋ ಕರೆಂಟೂ ಅಷ್ಟೇ. ಡೆಬಿಟ್ ಇದ್ದಷ್ಟೂ ಕ್ರೆಡಿಟ್ ಇರ್ಲೇಬೇಕು. ನಾನು ಕೆಂಪು ವೈರಿಗೆ ಮೂರು ಗಂಟೆ ಖರ್ಚು ಮಾಡಿ, ಕಪ್ಪು ವೈರಿಗೆ ಐದು ನಿಮಿಷ ಕೊಟ್ಟಿದ್ದೆ.

ಇಲ್ಲೊಂದು ಮೋಸ ಇದೆ, ಗಮನಿಸಿ. ಮೊದಲ ದಿನವೇ ನಾನು ಮೀಟರಿನ ಬೀಪ್ ಮೋಡ್‌ನಲ್ಲಿ ಗ್ರೌಂಡ್ ಚೆಕ್ ಮಾಡಿದ್ರೂ ಅದು ಬೀಪ್ ಅಂತಾನೇ ಅನ್ನುತ್ತಿತ್ತು. ಈಗ ಮಾಡಿ ನೋಡ್ದೆ, ಅಂತು. 35 ಆಂಪಿಯರ್‌ಗೆ 2.3 ವೋಲ್ಟ್ ಬೀಳೋಕೆ 0.07 ಓಮ್ ಸಾಕು. ಅಷ್ಟು ಸಣ್ಣದು ಸಾಮಾನ್ಯ ಮೀಟರಿಗೆ ಕಾಣಲ್ಲ. ಕೆಲಸ ಮಾಡ್ತಿರುವಾಗಲೇ ಅಳೀಬೇಕು. ಸುಮ್ಮನಿದ್ದಾಗ ಎಲ್ಲ ಗ್ರೌಂಡೂ ಒಳ್ಳೇದೇ.

ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ, ಬಿಳೀ ಲೋಹ ಕಾಣೋವರೆಗೂ. ಅರ್ಧ ಮೀಟರಿಗಿಂತ ಕಮ್ಮಿ ಉದ್ದದ ವೈರ್, ಹಲ್ಲಿರೋ ವಾಷರ್, ಗಟ್ಟಿ ಟೈಟ್. ತುಕ್ಕು ಹಿಡೀದಿರ್ಲಿ ಅಂತ ಮೇಲೆ ವ್ಯಾಸಲೀನ್. ಮತ್ತೆ ಟೋನ್ ಹಾಕ್ದೆ. ಗ್ರೌಂಡ್ ಕಡೆ ಬೀಳ್ತಿದ್ದಿದ್ದು 2.3ರಿಂದ 0.15ಕ್ಕೆ ಬಂತು. ಆಂಪ್ ಮೇಲೆ 12.5 ವೋಲ್ಟ್. ಹಸಿರು ಲೈಟ್ ಆರಲೇ ಇಲ್ಲ.

8/9

ದಾರಿಯಲ್ಲಿ ಕಲಿತಿದ್ದು ಇನ್ನೂ ಮೂರು.

ಒಂದು, ಆ 0.9 ವೋಲ್ಟ್. 700 ರೂಪಾಯಿ ಕಿಟ್‌ನ ವೈರ್ ಕೊಯ್ದು ನೋಡಿದ್ರೆ ಒಳಗೆ ಬೆಳ್ಳಗಿತ್ತು: ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಂ ತಾಮ್ರದ ಸುಮಾರು 60% ಅಷ್ಟೇ ಕರೆಂಟ್ ಹರಿಸುತ್ತೆ. ವೈರ್ ದಪ್ಪ ಕಂಡಿದ್ದು ಅರ್ಧ ಪ್ಲಾಸ್ಟಿಕ್.

ಎರಡು, ವ್ಯಾಟ್. ನನ್ನ ಆಂಪ್ ಬಾಕ್ಸ್ ಮೇಲೆ 1,500 ವ್ಯಾಟ್ ಮ್ಯಾಕ್ಸ್ ಅಂತಿದೆ. ಅದರ ಫ್ಯೂಸ್ 40 ಆಂಪಿಯರ್. 40 ಗುಣಿಸು 14 ವೋಲ್ಟ್ ಅಂದ್ರೆ ಒಳಗೆ ಹೋಗೋದೇ 560 ವ್ಯಾಟ್, ಹೊರಗೆ ಬರೋದು ಅದಕ್ಕಿಂತ ಕಮ್ಮಿ. ಮ್ಯಾಕ್ಸ್ ಅನ್ನೋದು ಟರ್ನೋವರ್, ಆರ್‌ಎಂಎಸ್ ಅನ್ನೋದು ನೆಟ್ ಪ್ರಾಫಿಟ್. ಯಾವುದು ನೋಡಬೇಕು ಅಂತ ಬಿಕಾಂನೋರಿಗೆ ನಾನು ಹೇಳಬೇಕಿಲ್ಲ. ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ ದೊಡ್ಡದು ಹಾಕಬೇಡಿ, ವೈರಿಗೆ ಬೆಂಕಿ ಬೀಳುತ್ತೆ. ಬ್ಯಾಟರಿ ಪಕ್ಕದಲ್ಲೇ ಒಂದು ಮೇನ್ ಫ್ಯೂಸ್ ಇರ್ಲೇಬೇಕು.

ಮೂರು, ಗೇನ್. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರೋ ಸಿಗ್ನಲ್‌ಗೆ ಆಂಪ್ ಹೊಂದಿಸೋ ತಿರುಪು. ಅದನ್ನ ಪೂರ್ತಿ ತಿರುಗಿಸಿಟ್ಟು ನಾನು ಆಂಪ್ ಕೈಲಿ ಆಗದಷ್ಟು ಕೆಲಸ ಕೇಳ್ತಿದ್ದೆ. ಈಗ ಅರ್ಧಕ್ಕಿಂತ ಕೆಳಗಿದೆ, ಬೇಸ್ ಬೂಸ್ಟ್ ಸೊನ್ನೆ. ಸೌಂಡ್ ಮೊದಲಿಗಿಂತ ಸ್ವಚ್ಛ.

9/9

ಶುಕ್ರವಾರ ಅಂಗಡಿಗೆ ಹೋದೆ. ಕಾರಲ್ಲೇ. ಅಣ್ಣ ಡಿಕ್ಕಿ ತೆಗೆದು, ಗ್ರೌಂಡ್ ನೋಡಿ, "ಈಗ ಕೆರೆದಿದ್ದೀಯಾ" ಅಂದ್ರು. ಅಷ್ಟೇ. ನಾನು ಅವತ್ತು ಸುಳ್ಳು ಹೇಳಿದ್ದೆ ಅಂತ ಒಪ್ಕೊಂಡೆ. "ಗೊತ್ತಿತ್ತು ಬಿಡು. ಅದಕ್ಕೇ ಕಾರ್ ತಗೊಂಡ್ ಬಾ ಅಂದಿದ್ದು. ನಾಲ್ಕು ಜನರ ಮುಂದೆ ನಿನ್ನನ್ನ ಯಾಕೆ ಬೈಲಿ" ಅಂದ್ರು.

ಆಮೇಲೆ ಸ್ಟೋರಿ ವಿಷಯ ಹೇಳ್ದೆ. ಅವರಿಗೆ ಯಾರೋ ಅವತ್ತೇ ತೋರಿಸಿದ್ರಂತೆ. ಅಡ್ವಾನ್ಸ್ ಕೊಟ್ಟಿದ್ದ ಇಬ್ಬರು ಹುಡುಗರು ದುಡ್ಡು ವಾಪಸ್ ತಗೊಂಡು ಹೋದ್ರಂತೆ. ನಮ್ಮ ಕಾಲೇಜಿನವರೇ. ನಾನು "ಅಣ್ಣ, ಅದು ಡಿಲೀಟ್ ಆಗಿದೆ, 24 ಗಂಟೆ ಅಷ್ಟೇ ಇರೋದು" ಅಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಫೋನಿಂದ ಹೋಯ್ತು. ನೋಡಿದೋರ ತಲೆಯಿಂದ ಹೋಯ್ತಾ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಮತ್ತೆ ಅಂಗಡಿ ಹೆಸರು ಹಾಕಿ ಕ್ಷಮೆ ಕೇಳ್ತೀನಿ ಅಂದೆ. ಬೇಡ ಅಂದ್ರು. "ಅವತ್ತು ಓದಿದೋರಿಗೆ ಯಾವ ಅಂಗಡಿ ಅಂತ ಗೊತ್ತಿದೆ. ಅವರಿಗೆ ಹೇಳು, ಸಾಕು." ತಾಮ್ರದ ಕಿಟ್ ತಗೊಂಡೆ, 2,400. ಫಿಟ್ಟಿಂಗ್‌ಗೂ 1,000 ಕೊಟ್ಟೆ. ಉಳಿಸಿದ್ದೆ ಅಂದ್ಕೊಂಡಿದ್ದ 2,700 ಹೋಯ್ತು, ಹಳೇ ಕಿಟ್‌ನ 700 ಬೇರೆ ದಂಡ.

ಹಾಗಾಗಿ ಓದಿದೋರಿಗೆ ಹೇಳ್ತಿದ್ದೀನಿ. ಆ ಅಣ್ಣನ ಮಾಲು ಸರಿ ಇತ್ತು, ಮಾತೂ ಸರಿ ಇತ್ತು. ಸುಳ್ಳು ಹೇಳಿದ್ದು ನಾನು. ನನ್ನ ಸ್ಟೋರಿ ಶೇರ್ ಮಾಡಿದೋರು ಇದನ್ನೂ ಶೇರ್ ಮಾಡಿ. ಅಡ್ವಾನ್ಸ್ ವಾಪಸ್ ತಗೊಂಡ ಇಬ್ಬರು ಯಾರು ಅಂತ ನನಗೆ ಗೊತ್ತಿಲ್ಲ. ಓದ್ತಿದ್ರೆ ದಯವಿಟ್ಟು ಒಂದ್ಸಲ ಹೋಗಿ ಬನ್ನಿ.

ಇದನ್ನ ಸ್ಟೋರಿಯಲ್ಲಿ ಹಾಕಿಲ್ಲ, ಪೋಸ್ಟ್ ಮಾಡಿದ್ದೀನಿ. 24 ಗಂಟೆ ಆದ್ಮೇಲೂ ಇಲ್ಲೇ ಇರುತ್ತೆ.

#ಕಾರ್‌ಆಡಿಯೊ #ಹಾಸನ #ಬಿಕಾಂಹುಡುಗ #ಮೊದ್ಲುಅಳತೆಮಾಡು