ಗುಟ್ಟು ಕಾಯುವ ನೌಕರಿ

ಕಳಂಬೋಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಧಾರವಾಡದಿಂದ ಯಾರೇ ಬಂದರೂ, "ಇದೇನ್ರೀ, ಎಲ್ಲಿ ನೋಡಿದ್ರೂ ಕಬ್ಬಿಣ, ಲಾರಿ!" ಅನ್ನುತ್ತಾರೆ. ಉಕ್ಕಿನ ಪೇಟೆ ಇದು, ಇನ್ನೇನಿರುತ್ತದೆ? ಕೆಎ ನಂಬರಿನ ಲಾರಿ ಕಂಡರೆ ನಾನು ಈಗಲೂ ಒಂದು ಗಳಿಗೆ ನಿಲ್ಲುತ್ತೇನೆ.

2024ರ ಮಾರ್ಚ್ 15ರ ಬೆಳಿಗ್ಗೆ ಪೇಪರು ಹಿಡಿದು ಕೂತವನಿಗೆ ಚಹಾ ಆರಿದ್ದೂ ತಿಳಿಯಲಿಲ್ಲ. ಚುನಾವಣಾ ಬಾಂಡ್ ಕೊಂಡವರ ಹೆಸರು ಹಿಂದಿನ ಸಂಜೆ ಹೊರಬಿದ್ದಿತ್ತು. ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್ 1,368 ಕೋಟಿ, ಮೇಘಾ ಎಂಜಿನಿಯರಿಂಗ್ 966 ಕೋಟಿ. ಮೂರನೆಯದು ಕ್ವಿಕ್ ಸಪ್ಲೈ ಚೈನ್, 410 ಕೋಟಿ. ಅದರ ವಿಳಾಸ ನಮ್ಮ ನವಿ ಮುಂಬೈಯದೇ! ಹೆಸರು ಮಾತ್ರ ನಾನು ಎಂದೂ ಕೇಳಿರಲಿಲ್ಲ.

ಬಾಂಡ್ ಮಾರಿದ್ದು ಸ್ಟೇಟ್ ಬ್ಯಾಂಕ್ ಒಂದೇ. ಸಾವಿರದಿಂದ ಕೋಟಿಯವರೆಗೆ, ಹದಿನೈದು ದಿನದ ಆಯುಷ್ಯ, ಬಡ್ಡಿಯಿಲ್ಲ. ಕೊಂಡವನ ಹೆಸರು ಬ್ಯಾಂಕಿಗೆ ಗೊತ್ತು, ಓಟು ಹಾಕುವವನಿಗೆ ಗೊತ್ತಿಲ್ಲ. ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 7.5ಕ್ಕಿಂತ ಹೆಚ್ಚು ಕಂಪನಿ ಪಕ್ಷಗಳಿಗೆ ಕೊಡಬಾರದೆಂಬ ಮಿತಿಯನ್ನೂ 2017ರಲ್ಲಿ ತೆಗೆದಿದ್ದರು. ಅಂದರೆ ನಷ್ಟದ ಕಂಪನಿಯೂ ಕೊಡಬಹುದು. ಸಾಲ ಮಂಜೂರು ಮಾಡಿದವನಿಗೆ ಇದು ನಗು ತರಿಸುವ ಮಾತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಇಡೀ ಯೋಜನೆಯನ್ನೇ ರದ್ದು ಮಾಡಿತು. ಹೆಸರು ಹೊಂದಿಸಿ ಕೊಡಲು ಜೂನ್ 30ರ ತನಕ ವೇಳೆ ಬೇಕೆಂದು ಬ್ಯಾಂಕು ಕೇಳಿತು. ಕೋರ್ಟು ಒಂದೇ ದಿನ ಕೊಟ್ಟಿತು, ಕೆಲಸ ಆಯಿತು.

"ನಿಮ್ಮ ಬ್ಯಾಂಕಿನವರ ಹಣೆಬರಹ ನೋಡ್ರಿ," ಅಂದಳು ನನ್ನವಳು. ನಾನು ಆ ಬ್ಯಾಂಕಿನವನಲ್ಲ. ಆದರೂ ಬಾಯಿ ಬರಲಿಲ್ಲ.

ನೌಕರಿಗೆ ಸೇರಿದ ದಿನವೇ ಗ್ರಾಹಕರ ವಿಷಯ ಹೊರಗೆ ಹೇಳುವುದಿಲ್ಲವೆಂದು ನಾವು ಬರೆದುಕೊಟ್ಟಿರುತ್ತೇವೆ. ಅದನ್ನು ವ್ರತದಂತೆ ಪಾಲಿಸಿದವನು ನಾನು. ಇಲ್ಲಿಯ ಶಾಖೆಯಲ್ಲಿದ್ದಾಗ, ಒಂದು ಚುನಾವಣೆಗೆ ಮುಂಚೆ, ಉಕ್ಕಿನ ವ್ಯಾಪಾರಿಯೊಬ್ಬರು ಐದು ಲಕ್ಷ ನಗದು ತೆಗೆದರು. ಯಾವ ಪಕ್ಷಕ್ಕೆ ಎಂದು ತಮಾಷೆಗೆ ಕೇಳಿದೆ. "ಎಲ್ಲರಿಗೂ, ಸಾಹೇಬ್. ಯಾರು ಬಂದರೂ ನನ್ನ ಲಾರಿ ಅವರ ರಸ್ತೆಯ ಮೇಲೇ ಓಡಬೇಕಲ್ಲ," ಎಂದು ನಕ್ಕರು. ಮರುವರ್ಷ ಅವರ ಲೆಕ್ಕಪತ್ರದಲ್ಲಿ ಸಾಗಾಟದ ವೆಚ್ಚ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ನನಗೆ ಕಂಡಿತು. ಕಂತು ಸರಿಯಾಗಿ ಬರುತ್ತಿತ್ತು, ಸಾಲ ನವೀಕರಿಸಿ ಸಹಿ ಹಾಕಿದೆ.

ಅಮೆರಿಕದಲ್ಲಿ 1995ರಿಂದ ಕಾನೂನಿದೆ: ಸರ್ಕಾರದ ಮೇಲೆ ಪ್ರಭಾವ ಬೀರಲು ಕಂಪನಿ ಎಷ್ಟು ಖರ್ಚು ಮಾಡಿತೆಂದು ಬರೆದುಕೊಡಬೇಕು, ಈಗ ಮೂರು ತಿಂಗಳಿಗೊಮ್ಮೆ. ವಾಲ್‌ಮಾರ್ಟ್ ಭಾರತದ ಮಾರುಕಟ್ಟೆಗಾಗಿ ಅಲ್ಲಿ ಲಾಬಿ ಮಾಡಿದ್ದು 2012ರಲ್ಲಿ ನಮ್ಮ ಸಂಸತ್ತಿಗೆ ತಿಳಿದದ್ದು ಆ ಕಾಗದದಿಂದಲೇ. ಅಲ್ಲಿ ದುಡ್ಡು ಕಡಿಮೆ ಏನಲ್ಲ, ಹರಿದ ದಾರಿ ಕಾಣುತ್ತದೆ ಅಷ್ಟೇ. ನಮ್ಮಲ್ಲಿ ಲಾಬಿಗೆ ಅಂಥ ಕಾನೂನೇ ಇಲ್ಲ. ಬಾಂಡಿನ ವಿಷಯದಲ್ಲಿ, ಕೊಟ್ಟವರ ವಿವರ ತಾವೇ ಹೇಳಿದ ಕೆಲವೇ ಪಕ್ಷಗಳಲ್ಲಿ ನಮ್ಮ ಜೆಡಿಎಸ್ ಒಂದು ಎಂದು ಓದಿದಾಗ ಊರಿನವನಾಗಿ ಸ್ವಲ್ಪ ಸಮಾಧಾನವಾಯಿತು, ನಿಜ ಹೇಳುತ್ತೇನೆ.

ಆ ವ್ಯಾಪಾರಿ ಈಗಿಲ್ಲ. ಅಂಗಡಿಯಲ್ಲಿ ಅವರ ಮಗ ಕೂರುತ್ತಾನೆ, ಸಂಜೆ ವಾಕಿಂಗ್ ಹೋಗುವಾಗ ಕರೆದು ಚಹಾ ಕೊಡುತ್ತಾನೆ. ಆ ಐದು ಲಕ್ಷದ ಮಾತು ಒಮ್ಮೆಯೂ ಎತ್ತಿಲ್ಲ. ಇಲ್ಲಿಯೂ ಅವರ ಹೆಸರು ಬರೆದಿಲ್ಲ, ನೋಡಿ.